ಬಾಟಲಿ ಎಲ್ಲಿಂದ ಬಂತು?

ಮೂಕಿ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುವ ಹುಚ್ಚು ನನಗೆ ಹತ್ತಿದ್ದು ಲಾಕ್‌ಡೌನ್ ಸಮಯದಲ್ಲಿ. ಐದನೇ ಕಂತಿಗೆ ಅಮೆರಿಕದ ಹಾಸ್ಯನಟ ಫ್ಯಾಟಿ ಆರ್ಬಕಲ್‌ನ ಹಗರಣ ಆರಿಸಿಕೊಂಡೆ. ದೊಡ್ಡ ನಟ, ಹೋಟೆಲ್ ಪಾರ್ಟಿ, ಒಬ್ಬ ಹುಡುಗಿಯ ಸಾವು, ಮೂರು ವಿಚಾರಣೆ. ಕೇಳುವವರು ಅಲ್ಲಾಡದೆ ಕೂರುತ್ತಾರೆ ಅಂದುಕೊಂಡೆ.

ಎರಡೇ ದಿನದಲ್ಲಿ ಸ್ಕ್ರಿಪ್ಟ್ ರೆಡಿ. ಇಂಟರ್ನೆಟ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡಿದ್ದೆ. ಬಾಟಲಿಯಿಂದ ಅವಳ ಮೇಲೆ ದೌರ್ಜನ್ಯ ಮಾಡಿದ ಅನ್ನುವ ಕಥೆಯೂ ಇತ್ತು, ಅವನ ಭಾರಕ್ಕೇ ಅವಳು ಸತ್ತಳು ಅನ್ನುವುದೂ ಇತ್ತು. ಹುಡುಗಿಯ ನಡತೆ ಸರಿ ಇರಲಿಲ್ಲ ಅಂತ ಒಂದು ಪ್ಯಾರಾ ಬೇರೆ. ನಲವತ್ತು ನಿಮಿಷದ ರೆಕಾರ್ಡಿಂಗ್ ಆಯಿತು. ಹಾಕುವ ಮುಂಚೆ ಅಮ್ಮನಿಗೆ ಕೇಳಿಸಿದೆ. ಅಮ್ಮ ಬೀನ್ಸ್ ನಾರು ತೆಗೆಯುತ್ತಾ ಪೂರ್ತಿ ಕೇಳಿದರು.

"ಅಲ್ಲ ಕಣೋ, ಸತ್ತೋಳ ಹೆಸರೇನು?"

ಹೇಳಿದ್ದೀನಲ್ಲಮ್ಮ ಅಂದೆ. ಆಮೇಲೆ ಸ್ಕ್ರಿಪ್ಟ್ ತೆಗೆದು ಎಣಿಸಿದೆ. ವರ್ಜೀನಿಯಾ ರಾಪೆ ಅನ್ನುವ ಹೆಸರು ಎರಡು ಸಲ ಬಂದಿತ್ತು. ಫ್ಯಾಟಿ ಅನ್ನುವುದು ಎಪ್ಪತ್ತಕ್ಕೂ ಜಾಸ್ತಿ. ಆ ಅಡ್ಡಹೆಸರು ಆರ್ಬಕಲ್‌ಗೇ ಇಷ್ಟವಿರಲಿಲ್ಲ, ಅದು ಬೇರೆ ಮಾತು.

ಆ ರೆಕಾರ್ಡಿಂಗ್ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿದೆ. ಮೊದಲಿಂದ ಶುರು ಮಾಡಿದೆ, ಈ ಸಲ ಬೇರೆ ದಾರಿಯಲ್ಲಿ. ಆಮೇಲಿನವರು ಬರೆದದ್ದನ್ನು ಪೂರ್ತಿ ಪಕ್ಕಕ್ಕಿಟ್ಟೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೇ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ, ಪುಕ್ಕಟೆ. ಅಲ್ಲಿ 1921ರ ಸೆಪ್ಟೆಂಬರ್‌ನಿಂದ ದಿನದ ಲೆಕ್ಕದಲ್ಲಿ ಓದಲು ಕೂತೆ. ಹುಡುಕಿದರೆ ರಾಪೆ ಹೆಸರು ಸರಿಯಾಗಿ ಸಿಗುತ್ತಿರಲಿಲ್ಲ. ಮಸಿ ಹರಡಿದ ಅಕ್ಷರವನ್ನು ಕಂಪ್ಯೂಟರ್ ತಪ್ಪಾಗಿ ಓದುತ್ತದೆ, ಕೊನೆಯ 'ಇ' ಹೋಗಿ 'ಸಿ' ಆಗಿರುತ್ತದೆ. ಕೊನೆಗೆ ಹುಡುಕುವುದನ್ನೇ ಬಿಟ್ಟು ಒಂದೊಂದೇ ಪುಟ ತಿರುವಿದೆ. ರಾತ್ರಿ ಒಂದು ಗಂಟೆಗೆ ಸಾಬೂನಿನ ಜಾಹೀರಾತು ಓದುತ್ತಾ ಕೂತದ್ದೂ ಉಂಟು.

ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿಕೊಂಡೆ. ಯಾವತ್ತು, ಯಾರು ಹೇಳಿದ್ದು, ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳಿದ್ದಾ ಇಲ್ಲವಾ. ಮೂರನೇ ಕಾಲಂ ತುಂಬಾ ಹೊತ್ತು ಖಾಲಿಯೇ ಇತ್ತು.

ಗಟ್ಟಿಯಾಗಿ ನಿಂತದ್ದು ಇಷ್ಟು. ಸೆಪ್ಟೆಂಬರ್ 5, ಸೋಮವಾರ, ಅಲ್ಲಿ ಕಾರ್ಮಿಕರ ದಿನದ ರಜೆ. ಸ್ಯಾನ್ ಫ್ರಾನ್ಸಿಸ್ಕೋದ ಸೇಂಟ್ ಫ್ರಾನ್ಸಿಸ್ ಹೋಟೆಲ್, ಹನ್ನೆರಡನೇ ಮಹಡಿ, 1219, 1220, 1221 ನಂಬರಿನ ಕೋಣೆಗಳು. ಪಾನನಿಷೇಧ ಇದ್ದ ಕಾಲ, ಆದರೂ ಮದ್ಯಕ್ಕೆ ಬರ ಇರಲಿಲ್ಲ. ಆ ಪಾರ್ಟಿಯಲ್ಲಿ ರಾಪೆಗೆ ಹುಷಾರು ತಪ್ಪಿತು. ಸೆಪ್ಟೆಂಬರ್ 9ಕ್ಕೆ ತೀರಿಕೊಂಡಳು. ಮೂತ್ರಕೋಶ ಒಡೆದು ಹೊಟ್ಟೆಗೆಲ್ಲ ಸೋಂಕು ಹರಡಿತ್ತು. ಮರುದಿನ ಆರ್ಬಕಲ್ ಬಂಧನ.

ದೂರು ಕೊಟ್ಟವಳು ಆ ಪಾರ್ಟಿಗೆ ಬಂದಿದ್ದ ಮಾಡ್ ಡೆಲ್ಮಾಂಟ್. ರಾಪೆಯ ಪರಿಚಯ ಅವಳಿಗೆ ಆಗಿದ್ದೇ ಕೆಲವು ದಿನಗಳ ಹಿಂದೆ. ಮೊದಮೊದಲು ಪತ್ರಿಕೆಯ ಮುಖಪುಟದ ತುಂಬ ಅವಳದ್ದೇ ಮಾತು. ವಿಚಾರಣೆ ಶುರುವಾದ ಮೇಲೆ ಅವಳು ಸಾಕ್ಷಿ ಕಟ್ಟೆ ಹತ್ತುತ್ತಾಳೆ ಅಂತ ಕಾಯುತ್ತಾ ಪುಟ ತಿರುವುತ್ತಿದ್ದೆ. ಹತ್ತಲೇ ಇಲ್ಲ. ಮೂರು ವಿಚಾರಣೆಯಲ್ಲಿ ಒಂದರಲ್ಲೂ ಸರ್ಕಾರಿ ವಕೀಲರು ಅವಳನ್ನು ಕರೆಯಲಿಲ್ಲ. ಇಡೀ ಕಥೆ ಹುಟ್ಟಿದ್ದು ಯಾರ ಬಾಯಲ್ಲೋ ಆ ಬಾಯೇ ಕೋರ್ಟಲ್ಲಿ ಇಲ್ಲ!

ಇನ್ನು ಬಾಟಲಿ. 1922ರ ಏಪ್ರಿಲ್‌ವರೆಗೆ ನಾನು ಓದಿದ ಸಾಕ್ಷ್ಯದ ವರದಿಗಳಲ್ಲಿ ಎಲ್ಲೂ ಅದು ಕಾಣಲಿಲ್ಲ. ಕಂಡದ್ದು ಐಸ್. ನರಳುತ್ತಿದ್ದವಳ ಮೈಮೇಲೆ ಆರ್ಬಕಲ್ ಐಸ್ ತುಂಡು ಇಟ್ಟಿದ್ದ ಅನ್ನುವ ಸಾಕ್ಷ್ಯ ಇತ್ತು. ಅದೇನು ಚಂದದ ವರ್ತನೆಯಲ್ಲ. ಆದರೆ ಐಸ್ ಬಾಯಿಂದ ಬಾಯಿಗೆ ಹೋಗುತ್ತಾ ಬಾಟಲಿ ಆಗಿರಬೇಕು ಅಂತ ನನ್ನ ಲೆಕ್ಕ. ಬಾಟಲಿಯಲ್ಲೂ ಒಂದೊಂದು ಕಡೆ ಒಂದೊಂದು ಥರ. ಕೆಲವರು ಶಾಂಪೇನ್ ಅಂತಾರೆ, ಕೆಲವರು ಕೋಲಾ ಅಂತಾರೆ.

ಗಾಳಿಸುದ್ದಿಯನ್ನು ಬೈಯುವ ಮಾತೇ ಗಾಳಿಸುದ್ದಿ ಆಗಿರುವುದೂ ಉಂಟು. ಲೂಸಿಟಾನಿಯಾ ಹಡಗು ಮುಳುಗಿದ ಮೇಲೆ ತನ್ನ ಪತ್ರಿಕೆಗಳು ಇಷ್ಟು ಖರ್ಚಾದದ್ದು ಈ ಕೇಸಿನಲ್ಲೇ ಅಂತ ಪತ್ರಿಕೆಗಳ ದೊರೆ ಹರ್ಸ್ಟ್ ಹೇಳಿದ್ದನಂತೆ. ಎಲ್ಲರೂ ಬರೆಯುತ್ತಾರೆ. ನಾನೂ ಬರೆದಿದ್ದೆ. ಅವನ ಕೈಬರಹದಲ್ಲಾಗಲಿ ಭಾಷಣದಲ್ಲಾಗಲಿ ನನಗೆ ಅದು ಸಿಗಲಿಲ್ಲ, ಹೊಡೆದುಹಾಕಿದೆ. ಒಳ್ಳೇ ಸಾಲು, ಈಗಲೂ ಹೊಟ್ಟೆ ಉರಿಯುತ್ತದೆ.

ತೀರ್ಪಿನ ಭಾಗ ಬೇಗ ಮುಗಿಯಿತು. ಮೊದಲೆರಡು ಸಲ ಜ್ಯೂರಿಯಲ್ಲಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಗುಂಪಿನಲ್ಲಿ, ಒಮ್ಮತ ಬರಲಿಲ್ಲ, ಹಾಗಾಗಿ ಮತ್ತೆ ಮತ್ತೆ ವಿಚಾರಣೆ. ಎರಡನೇ ಸಲ ಗೆದ್ದೇ ಗೆಲ್ಲುತ್ತೇವೆ ಅನ್ನುವ ಧೈರ್ಯದಲ್ಲಿ ಅವನ ವಕೀಲರು ಆರ್ಬಕಲ್‌ನನ್ನು ಸಾಕ್ಷಿ ಕಟ್ಟೆ ಹತ್ತಿಸಲೇ ಇಲ್ಲ. ಹೆಚ್ಚಿನ ಜ್ಯೂರಿ ಸದಸ್ಯರು ಅವನ ವಿರುದ್ಧವೇ ನಿಂತರು. ಮೂರನೇ ಸಲ, 1922ರ ಏಪ್ರಿಲ್ 12ರಂದು, ಕೆಲವೇ ನಿಮಿಷಗಳಲ್ಲಿ ಬಿಡುಗಡೆ. ಬರೀ ಬಿಡುಗಡೆ ಸಾಲದು, ಇವನಿಗೆ ದೊಡ್ಡ ಅನ್ಯಾಯ ಆಗಿದೆ ಅಂತ ಜ್ಯೂರಿ ಬರೆದೇ ಕೊಟ್ಟಿತು. ಆರು ದಿನ ಕಳೆದಿರಲಿಲ್ಲ ನೋಡಿ, ಚಿತ್ರೋದ್ಯಮದ ಶಿಸ್ತಿಗೆ ಅಂತ ಬಂದಿದ್ದ ವಿಲ್ ಹೇಸ್ 18ನೇ ತಾರೀಖು ಅವನ ಚಿತ್ರಗಳನ್ನೇ ನಿಷೇಧಿಸಿದ. ಡಿಸೆಂಬರ್‌ನಲ್ಲಿ ನಿಷೇಧ ತೆಗೆದರೂ ಹೆಸರು ಕೆಟ್ಟಿತ್ತು. ವಿಲಿಯಂ ಗುಡ್‌ರಿಚ್ ಅಂತ ಬೇರೆ ಹೆಸರಿಟ್ಟುಕೊಂಡು ನಿರ್ದೇಶನ ಮಾಡಿದ. 1933ರಲ್ಲಿ ಸತ್ತಾಗ ಅವನಿಗೆ 46 ವರ್ಷ.

ಎಲ್ಲರ ಅನುಕಂಪ ಇಲ್ಲಿಗೆ ನಿಲ್ಲುತ್ತದೆ. ನನ್ನ ಮೊದಲ ಸ್ಕ್ರಿಪ್ಟೂ ಇಲ್ಲೇ ನಿಂತಿತ್ತು. ಆರ್ಬಕಲ್ ನಿರಪರಾಧಿ ಅಂತ ಹೇಳುವವರು ಸಾಮಾನ್ಯವಾಗಿ ಒಂದು ಕೆಲಸ ಮಾಡುತ್ತಾರೆ: ಅವನ ಮೇಲಿದ್ದ ಕೆಸರನ್ನು ತೆಗೆದು ರಾಪೆ ಮೇಲೆ ಎರಚುತ್ತಾರೆ. ಅವಳು ಕಾಲಿಟ್ಟ ಸ್ಟುಡಿಯೊಗೆ ಔಷಧಿ ಹೊಡೆಸಿದರು ಅನ್ನುವ ಕೊಳಕು ಕಥೆ ಕೂಡ ಓಡಾಡುತ್ತದೆ. ಅದನ್ನೇ ನಾನು ನಗುನಗುತ್ತಾ ಮೈಕಿಗೆ ಹೇಳಿದ್ದೆ. ಮೂರನೇ ಕಾಲಂ ನೋಡಿದೆ. ಖಾಲಿ. ಅವಳು ಮಾಡೆಲ್ ಆಗಿ ದುಡಿಯುತ್ತಿದ್ದಳು, ಬಟ್ಟೆ ಡಿಸೈನ್ ಮಾಡುತ್ತಿದ್ದಳು, ಸಣ್ಣಪುಟ್ಟ ಪಾತ್ರ ಮಾಡಿದ್ದಳು. ಅದನ್ನು ಸೇರಿಸಿದೆ.

ಹೊಸ ಕಂತು 26 ನಿಮಿಷಕ್ಕೆ ಇಳಿಯಿತು. ಹಾಕಿದ ಸಂಜೆಯೇ ಒಬ್ಬರು ಕಾಮೆಂಟ್ ಮಾಡಿದ್ದರು: "ತುಂಬಾ ಚೆನ್ನಾಗಿದೆ ಸರ್. ಆದರೆ ಆ ಬಾಟಲಿ ವಿಷಯ ಯಾಕೆ ಹೇಳಲಿಲ್ಲ?"