ಟಾಸ್ಕ್ ಮ್ಯಾನೇಜರ್ ತೆರೆದರೆ ಫ್ಯಾನ್ ಸುಮ್ಮನಾಗುತ್ತಾ? ಟ್ರೋಜನ್ ಹುಡುಕಿ ತೆಗೆಯುವುದು ಹೀಗೆ

ಮದುವೆ ಸೀಸನ್ನಿನಲ್ಲಿ ಗೆಳೆಯನ ಡಿಟಿಪಿ ಅಂಗಡಿಗೆ ಹೋಗಿದ್ದೆ. ಲಗ್ನಪತ್ರಿಕೆಯ ಫೈಲ್ ತೆರೆಯಲು ಐದು ನಿಮಿಷ ಬೇಕಾಯಿತು. ಸಿಪಿಯು ಫ್ಯಾನ್ ಮಾತ್ರ ಹಿಟ್ಟಿನ ಗಿರಣಿ ಥರ ಕೂಗುತ್ತಿತ್ತು. 'ಹಳೇ ಮೆಷಿನ್ ಮಾರಾಯ' ಅಂದ. ನಾನು ಟಾಸ್ಕ್ ಮ್ಯಾನೇಜರ್ ತೆರೆದೆ, ಯಾವ ಪ್ರೋಗ್ರಾಂ ಎಷ್ಟು ಓಡುತ್ತಿದೆ ಅಂತ ತೋರಿಸುವ ಕಿಟಕಿ ಅದು. ಫ್ಯಾನ್ ತಣ್ಣಗಾಯಿತು. ಮುಚ್ಚಿದೆ. ಒಂದೇ ನಿಮಿಷದಲ್ಲಿ ಮತ್ತೆ ಗಿರಣಿ ಶುರು.

ಹಳೇ ಮೆಷಿನ್ ಹೀಗೆ ನಾಟಕ ಆಡುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಕ್ರಿಪ್ಟೊ ನಾಣ್ಯ ದುಡಿಯುವ ಕೆಲವು ಟ್ರೋಜನ್‌ಗಳು ಟಾಸ್ಕ್ ಮ್ಯಾನೇಜರ್ ಕಂಡ ಕೂಡಲೇ ಕೆಲಸ ನಿಲ್ಲಿಸುತ್ತವೆ. ಟೀಚರ್ ಬಂದಾಗ ಕ್ಲಾಸು ಸುಮ್ಮನಾಗುವುದಿಲ್ವಾ, ಹಾಗೆ.

ವೈರಸ್ ತಾನೇ ಹರಡುತ್ತದೆ. ಟ್ರೋಜನ್ ಹಾಗಲ್ಲ, ಅದು ಒಳ್ಳೆಯ ಪ್ರೋಗ್ರಾಂ ವೇಷದಲ್ಲಿ ಬರುವ ಕಳ್ಳ. ಅದನ್ನು ಒಳಗೆ ಕರೆಯುವವರು ನಾವೇ. ಗೆಳೆಯ ಒಂದು ಡಿಸೈನ್ ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸುವ ಕಳ್ಳ ಪ್ರತಿ, ಹಾಕಿಕೊಂಡಿದ್ದ. 'ಇನ್‌ಸ್ಟಾಲ್ ಮಾಡುವಾಗ ಆ್ಯಂಟಿವೈರಸ್ ಆಫ್ ಮಾಡಿ' ಎಂಬ ಸೂಚನೆಯೂ ಅದರ ಜೊತೆ ಬಂದಿತ್ತು. ಇವನು ಮಾಡಿದ್ದ! ಈಗ ಇನ್ನೊಂದು ದಾರಿ ಜಾಸ್ತಿಯಾಗಿದೆ. 'ನಾನು ರೋಬೋಟ್ ಅಲ್ಲ' ಅಂತ ಸಾಬೀತು ಮಾಡಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಹೊಡೆಯಿರಿ ಎನ್ನುವ ಪುಟಗಳು. ಅಸಲಿ ಪರೀಕ್ಷೆ ಯಾವತ್ತೂ ಹೀಗೆ ಕೇಳುವುದಿಲ್ಲ.

ಅನುಮಾನ ಬಂದರೆ ಮೊದಲು ನೆಟ್ ಕಿತ್ತುಹಾಕಿ. ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ತೆಗೆಯಿರಿ. ಆ ಮೆಷಿನ್ನಿನಲ್ಲಿ ಬ್ಯಾಂಕಿನ ಲಾಗಿನ್ ಬೇಡವೇ ಬೇಡ.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅನುಮಾನದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ಆರಿಸಿ. ಹೆಸರಿಗಿಂತ ವಿಳಾಸ ಮುಖ್ಯ. ಎಸ್‌ವಿಸಿಹೋಸ್ಟ್ ಎಂಬುದು ವಿಂಡೋಸಿನದೇ ಪ್ರೋಗ್ರಾಂ, ಪಟ್ಟಿಯಲ್ಲಿ ಹತ್ತಾರು ಇರುತ್ತವೆ. ಅವುಗಳ ಮನೆ ಸಾಮಾನ್ಯವಾಗಿ ಸಿಸ್ಟಂ32 ಫೋಲ್ಡರ್. ಗೆಳೆಯನಲ್ಲಿದ್ದ ಒಂದು ಮಾತ್ರ ಆ್ಯಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರಿನಲ್ಲಿ ಕೂತಿತ್ತು. ಹಾಗಂತ ನಿಧಾನವಾದ ಕಂಪ್ಯೂಟರೆಲ್ಲ ಟ್ರೋಜನ್ ಪೀಡಿತ ಅಲ್ಲ. ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ತೆರೆದರೂ ಇದೇ ಗತಿ.

ಸ್ಕ್ಯಾನ್ ಒತ್ತುವ ಮೊದಲು ಇನ್ನೊಂದು ಜಾಗ ನೋಡಬೇಕು. ಬಹಳ ಜನ ಇದನ್ನು ಬಿಟ್ಟೇಬಿಡುತ್ತಾರೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ ಕೆಳಗೆ ಹೋಗಿ. ಅಲ್ಲಿ 'ಎಕ್ಸ್‌ಕ್ಲೂಷನ್ಸ್' ಇದೆ. ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಮುಟ್ಟಬಾರದ ಜಾಗಗಳ ಪಟ್ಟಿ ಅದು. ಗೆಳೆಯನ ಪಟ್ಟಿಯಲ್ಲಿ ಇಡೀ ಸಿ ಡ್ರೈವ್ ಇತ್ತು! ಕಳ್ಳನೇ ವಾಚ್‌ಮನ್‌ಗೆ ರಜೆ ಕೊಟ್ಟಿದ್ದ. ನೀವು ಸೇರಿಸದೇ ಇರುವುದನ್ನೆಲ್ಲ ಅಲ್ಲಿಂದ ತೆಗೆಯಿರಿ.

ಈಗ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ 'ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಆರಿಸಿ. ತೆರೆದ ಕೆಲಸ ಸೇವ್ ಮಾಡಿಕೊಳ್ಳಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸುಮಾರು 15 ನಿಮಿಷದ ಕೆಲಸ. ಆಗ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ಟ್ರೋಜನ್ನೂ ಎದ್ದಿರುವುದಿಲ್ಲ. ಮಲಗಿದ್ದಾಗ ಹಿಡಿಯುವುದು ಸುಲಭ. ಮುಗಿದ ಮೇಲೆ ಒಂದು ಫುಲ್ ಸ್ಕ್ಯಾನ್ ಮಾಡಿ.

ಇಷ್ಟಾದರೂ ಮಾರನೇ ದಿನ ಬೆಳಿಗ್ಗೆ ಗಿರಣಿ ಮತ್ತೆ ಕೂಗಿತು. ಫೈಲ್ ಹೋಗಿತ್ತು, ಅದನ್ನು ಮತ್ತೆ ತರಿಸುವ ಏರ್ಪಾಡು ಉಳಿದಿತ್ತು. ಇದಕ್ಕೆ ಮೈಕ್ರೋಸಾಫ್ಟಿನ ಉಚಿತ ಆಟೋರನ್ಸ್ ಬೇಕು. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ. ತಾನಾಗಿ ಶುರುವಾಗುವ ಎಲ್ಲದರ ಪಟ್ಟಿ ಕೊಡುತ್ತದೆ. 'ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್' ಹಾಕಿದರೆ ಪಟ್ಟಿ ಚಿಕ್ಕದಾಗುತ್ತದೆ. ತಯಾರಕರ ಗುರುತಿಲ್ಲದವು ಗುಲಾಬಿ ಬಣ್ಣದಲ್ಲಿರುತ್ತವೆ. ಗುಲಾಬಿ ಎಲ್ಲವೂ ಕೆಟ್ಟದ್ದಲ್ಲ, ಆದರೆ ಮೊದಲು ಅವನ್ನೇ ನೋಡಿ. ಅಳಿಸಬೇಡಿ, ಟಿಕ್ ತೆಗೆದರೆ ಸಾಕು. ತಪ್ಪಾದರೆ ವಾಪಸ್ ಹಾಕಬಹುದು. ನಮಗೆ ಸಿಕ್ಕಿದ್ದು ಶೆಡ್ಯೂಲ್ಡ್ ಟಾಸ್ಕ್ಸ್ ಟ್ಯಾಬಿನಲ್ಲಿ. ಹೆಸರು ಅಪ್‌ಡೇಟ್ ಅಂತ, ದಾರಿ ಅದೇ ರೋಮಿಂಗ್ ಫೋಲ್ಡರಿಗೆ.

ನನ್ನ ಅಭಿಪ್ರಾಯ ಕೇಳಿದರೆ, ಹಣಕಾಸಿನ ಕೆಲಸ ಮಾಡುವ ಮೆಷಿನ್ ಆಗಿದ್ದರೆ ಇಲ್ಲಿಗೆ ನಿಲ್ಲಿಸಬೇಡಿ. 'ರೀಸೆಟ್ ದಿಸ್ ಪಿಸಿ'ಯಲ್ಲಿ 'ರಿಮೂವ್ ಎವ್ರಿಥಿಂಗ್' ಕೊಡಿ. ಮೊದಲೇ ಫೋಟೊ, ಡಾಕ್ಯುಮೆಂಟು, ಡಿಸೈನ್ ಫೈಲುಗಳನ್ನು ಹೊರಗೆ ತೆಗೆದಿಡಿ. ಸೆಟಪ್ ಫೈಲುಗಳು ಬೇಡ.

ಪಾಸ್‌ವರ್ಡ್ ಬದಲಿಸುವುದನ್ನು ಬೇರೆ ಸಾಧನದಲ್ಲಿ ಮಾಡಿ, ಇಮೇಲಿನಿಂದ ಶುರು ಮಾಡಿ. ಕೆಲವು ಟ್ರೋಜನ್‌ಗಳು ಬ್ರೌಸರಿನ ಕುಕೀಗಳನ್ನೂ, ಅಂದರೆ ನೀವು ಲಾಗಿನ್ ಆಗಿದ್ದೀರಿ ಎಂಬ ಗುರುತುಗಳನ್ನೂ, ಕದಿಯುತ್ತವೆ. ಆಗ ಕಳ್ಳನಿಗೆ ಪಾಸ್‌ವರ್ಡೇ ಬೇಡ. ಅದಕ್ಕೇ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಬೇಕು. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರೀಸೆಟ್ ಆದ ಮೇಲೆ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಒಳಗೆ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿದೆ. ಫೈಲ್ ಯಾವ ಬಗೆಯದು ಅಂತ ಹೇಳುವುದು ಹೆಸರಿನ ಈ ಬಾಲ, ವಿಂಡೋಸ್ ಮಾಮೂಲಾಗಿ ಅದನ್ನು ಮುಚ್ಚಿಡುತ್ತದೆ. ಬಾಲ ಇಎಕ್ಸ್‌ಇ ಆಗಿದ್ದರೆ ಅದು ಓಡುವ ಪ್ರೋಗ್ರಾಂ. ಆಮೇಲೆ ಗೆಳೆಯ ಬ್ಯಾಕಪ್ ಪೆನ್‌ಡ್ರೈವ್ ಹಾಕಿದ. ಲಗ್ನಪತ್ರಿಕೆಗಳ ನಡುವೆ, ಪಿಡಿಎಫ್ ಚಿತ್ರ ಹೊತ್ತ ಒಂದು ಫೈಲ್: 'ಕಾರ್ಡ್ ಸ್ಯಾಂಪಲ್.ಪಿಡಿಎಫ್.ಇಎಕ್ಸ್‌ಇ'.

'ಇದೂ ಕಸ್ಟಮರ್ ಕಳಿಸಿದ್ದೇ' ಅಂತ ಗೆಳೆಯ ಮೌಸ್ ಹಿಡಿದ. ಕೈ ಹಿಡಿದು ನಿಲ್ಲಿಸಿದೆ.