ಯುರೋಪಿನ ಆನ್‌ಲೈನ್ ಕಲಿಕೆ: ಅಂಕಿಗಳನ್ನು ಓದುವುದು ಹೇಗೆ?

ನೆದರ್ಲೆಂಡ್ಸ್‌ನಲ್ಲಿ ನೂರಕ್ಕೆ 54 ಮಂದಿ. ರೊಮೇನಿಯಾದಲ್ಲಿ ಬರೀ 10. ಇದು 2023ರಲ್ಲಿ ಆನ್‌ಲೈನ್‌ನಲ್ಲಿ ಕಲಿತವರ ಲೆಕ್ಕ. ಕೊಟ್ಟದ್ದು ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿ ಯುರೋಸ್ಟ್ಯಾಟ್. ಒಕ್ಕೂಟದ ಸರಾಸರಿ 30. ರೊಮೇನಿಯಾದವರಿಗೆ ಕಲಿಯುವ ಆಸೆಯೇ ಇಲ್ಲ ಎಂದುಕೊಳ್ಳುವ ಮುನ್ನ ಈ ಅಂಕಿಗಳನ್ನು ಬಿಡಿಸಿ ನೋಡೋಣ.

ಮೊದಲು, ಕೇಳಿದ ಪ್ರಶ್ನೆ ಯಾವುದು ಎಂದು ನೋಡಿ. ಇಂಟರ್ನೆಟ್ ಬಳಸುವ 16ರಿಂದ 74 ವರ್ಷದವರನ್ನು ಕೇಳಿದ್ದು ಇಷ್ಟು: ಕಳೆದ ಮೂರು ತಿಂಗಳಲ್ಲಿ ಆನ್‌ಲೈನ್ ಕೋರ್ಸ್ ಮಾಡಿದ್ದೀರಾ, ಇಲ್ಲವೇ ಆನ್‌ಲೈನ್ ಪಾಠ ಬಳಸಿದ್ದೀರಾ? ತಿಂಗಳುಗಟ್ಟಲೆ ಕೋರ್ಸ್ ಮಾಡಿದವರೂ ಒಂದು ಪಾಠದ ವಿಡಿಯೊ ನೋಡಿದವರೂ ಒಂದೇ ಲೆಕ್ಕಕ್ಕೆ ಬಂದರು, ಅಲ್ವಾ? ಅದಕ್ಕೇ ಕೋರ್ಸ್ ಮಾಡಿದವರ ಅಂಕಿಯನ್ನು ಬೇರೆಯಾಗಿ ತೆಗೆಯಿರಿ. ಯುರೋಸ್ಟ್ಯಾಟ್ ಜಾಲತಾಣದ ಡೇಟಾ ಬ್ರೌಸರ್‌ನಲ್ಲಿ ದುಡ್ಡಿಲ್ಲದೆ ಇದು ಸಿಗುತ್ತದೆ. ದೇಶ, ವರ್ಷ ಆರಿಸಿದರೆ ಪಟ್ಟಿ ಬರುತ್ತದೆ. ಶೇಕಡಾ ಲೆಕ್ಕ ಎಲ್ಲ ಜನರದ್ದೋ, ಇಂಟರ್ನೆಟ್ ಬಳಸುವವರದ್ದೋ ಎಂದು ತಪ್ಪದೆ ಗಮನಿಸಿ. ಜಾಸ್ತಿ ಜನ ಎಡವುವುದು ಇಲ್ಲೇ.

ಆಮೇಲೆ ಕಾರಣ ಹುಡುಕಿ. ಇಂಟರ್ನೆಟ್ ಚೆನ್ನಾಗಿಲ್ಲ ಎನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಆದರೆ ರೊಮೇನಿಯಾದ ನಗರಗಳಲ್ಲಿ ವೇಗದ ಇಂಟರ್ನೆಟ್ ಅಗ್ಗದಲ್ಲೇ ಸಿಗುತ್ತದೆ! ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟುಕೊಳ್ಳಿ. ಕಂಪ್ಯೂಟರ್, ಇಂಟರ್ನೆಟ್ ಬಳಕೆಯ ಕನಿಷ್ಠ ಕೌಶಲ ಇರುವವರು 2023ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶೇ 83, ಫಿನ್ಲೆಂಡ್‌ನಲ್ಲಿ ಶೇ 82, ರೊಮೇನಿಯಾದಲ್ಲಿ ಶೇ 28. ಆನ್‌ಲೈನ್ ಕಲಿಕೆಯಲ್ಲಿ ಫಿನ್ಲೆಂಡ್ 53ರೊಂದಿಗೆ ನೆದರ್ಲೆಂಡ್ಸ್‌ನ ಬೆನ್ನಿಗೇ ಇದೆ. ಎರಡೂ ಪಟ್ಟಿಗಳಲ್ಲಿ ಮೇಲಿರುವ ದೇಶಗಳು ಅವೇ. ಮನೆಗೆ ವೈರು ಎಳೆದರೆ ಸಾಲದು, ಬಳಸಲು ಕಲಿಸಬೇಕು ಎಂದು ನನಗೆ ಬಲವಾಗಿ ಅನಿಸುವುದು ಇದನ್ನು ನೋಡಿಯೇ. ಎಸ್ಟೋನಿಯಾ 1996ರಲ್ಲೇ ‘ಟೈಗರ್ ಲೀಪ್’ ಯೋಜನೆ ತಂದು ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು, ಮೇಷ್ಟ್ರುಗಳಿಗೂ ತರಬೇತಿ ಕೊಟ್ಟಿತು.

ವಯಸ್ಸನ್ನೂ ಬಿಡಬೇಡಿ. 16–24ರ ಸಾಲನ್ನೂ 55–74ರ ಸಾಲನ್ನೂ ಅಕ್ಕಪಕ್ಕ ಇಡಿ. ಅಂತರ ಹುಡುಗರಲ್ಲೋ ಹಿರಿಯರಲ್ಲೋ, ಗೊತ್ತಾಗುತ್ತದೆ.

ಕೊನೆಗೆ ಭಾಷೆ. ಕನ್ನಡದಲ್ಲಿ ಕೋರ್ಸ್ ಹುಡುಕಿ ಸೋತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಚ್ಚರಲ್ಲಿ ಬಹಳ ಮಂದಿಗೆ ಇಂಗ್ಲಿಷ್ ಬರುತ್ತದೆ, ಹಾಗಾಗಿ ಇಂಗ್ಲಿಷಿನ ಕೋರ್ಸುಗಳೂ ಅವರಿಗೆ ಸಿಕ್ಕಂತೆ. ಹೆಲ್ಸಿಂಕಿ ವಿಶ್ವವಿದ್ಯಾಲಯವು ರಿಯಾಕ್ಟರ್ ಕಂಪನಿಯ ಜೊತೆ 2018ರಲ್ಲಿ ‘ಎಲಿಮೆಂಟ್ಸ್ ಆಫ್ ಎಐ’ ಎಂಬ ಉಚಿತ ಕೋರ್ಸ್ ಶುರುಮಾಡಿತು. ಮರುವರ್ಷವೇ ಫಿನ್ಲೆಂಡ್ ಅದನ್ನು ಒಕ್ಕೂಟದ ಎಲ್ಲ ಅಧಿಕೃತ ಭಾಷೆಗಳಿಗೂ ತರುವುದಾಗಿ ಮಾತು ಕೊಟ್ಟಿತು. ರೊಮೇನಿಯನ್ ಭಾಷೆಯೂ ಅದರಲ್ಲಿತ್ತು.