ಎಲೆ ಉಲಿಯಕ್ಕಿಗಳನ್ನು ಕೂಗಿನ ಚಿತ್ರ ನೋಡಿ ಬೇರೆ ಮಾಡಿದ್ದು

"ಫೋಟೊ ಇಲ್ಲದೆ ಎಲೆ ಉಲಿಯಕ್ಕಿ ಹೆಸರು ಹೇಳ್ತೀಯಾ? ಆಗಲ್ಲ ಬಿಡು" ಅಂತ ನಮ್ಮ ಹಕ್ಕಿ ನೋಡುವ ಗುಂಪಿನವರು ನಾಲ್ಕೈದು ವರ್ಷ ಹೇಳಿದರು. ಎಲೆ ಉಲಿಯಕ್ಕಿ ಅಂದರೆ ಲೀಫ್ ವಾರ್ಬ್ಲರ್, ನೋಡಲು ಒಂದರಂತೆ ಒಂದಿರುವ ಪುಟ್ಟ ಹಕ್ಕಿಗಳು. ಹೋದ ಚಳಿಗಾಲದಲ್ಲಿ ಅವರೇ ಪರೀಕ್ಷೆ ಇಟ್ಟರು. ಫೋಟೊ ತೆಗೆದು ಗುರುತು ಹಿಡಿದಿದ್ದ ಹಕ್ಕಿಗಳ 20 ರೆಕಾರ್ಡಿಂಗ್ ತಂದರು. ನಾನು ಕೂಗು ಕೇಳಲೇ ಇಲ್ಲ. ಬರೀ ಸ್ಪೆಕ್ಟ್ರೋಗ್ರಾಂ, ಅಂದರೆ ದನಿಯ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಚಿತ್ರ, ನೋಡಿ 18 ಸರಿ ಹೇಳಿದೆ. ತಪ್ಪಿದ ಎರಡೂ ಅರ್ಧಕ್ಕೆ ಕಡಿದುಹೋದ ಕೂಗುಗಳು. ಆಮೇಲೆ ಯಾರೂ ಮಾತಾಡಲಿಲ್ಲ.

ಇಲ್ಲಿಗೆ ಬರಲು ದುಡ್ಡು ಚೆನ್ನಾಗಿಯೇ ಹೋಯಿತು. ಮೊದಲು ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಂಡೆ, ಸುಮಾರು 75 ಸಾವಿರ. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ತುದಿಯಲ್ಲಿ ಕುಣಿಯುವ ಹಕ್ಕಿಗೆ ಕೆಳಗಿನಿಂದ ಲೆನ್ಸ್ ಹಿಡಿದರೆ ಸಿಗುವುದು ಹೊಟ್ಟೆ ಮಾತ್ರ. ಎರಡು ಚಳಿಗಾಲ ಹೊಟ್ಟೆಗಳ ಫೋಟೊ ತೆಗೆದೆ. ಲೆನ್ಸ್ ಮಾರಿದಾಗ ಕೈಗೆ ಬಂದದ್ದು 50 ಸಾವಿರದ ಹತ್ತಿರ. ನಂತರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಅದು ಗದ್ದಲ ಕಡಿಮೆ ಮಾಡುತ್ತೇನೆಂದು ಹಕ್ಕಿಯ ತೆಳು ದನಿಯನ್ನೇ ಅಳಿಸಿಹಾಕುತ್ತಿತ್ತು. ಒಂದು ಇಡೀ ಸೀಸನ್ ದಂಡ. ಕೊನೆಗೆ 12 ಸಾವಿರದ ರೆಕಾರ್ಡರ್ ತೆಗೆದುಕೊಂಡು ದನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯುಎವಿ (WAV) ಫೈಲಿನಲ್ಲಿ ಉಳಿಸತೊಡಗಿದೆ.

ಆದರೂ ಗಂಟು ಬಿಚ್ಚಿದ್ದು ರೆಕಾರ್ಡರಿನಿಂದ ಅಲ್ಲ, ಫೋಲ್ಡರಿನಿಂದ. ಹಳೆ ಪುಸ್ತಕಗಳ ಹಾಗೆ ನಾನೂ 'ಉಲಿಯಕ್ಕಿ' ಅಂತ ಒಂದೇ ಫೋಲ್ಡರಿನಲ್ಲಿ ಎಲ್ಲ ತುಂಬಿದ್ದೆ. ಆ ಹಳೆ ಸಿಲ್ವಿಯಿಡೇ ಕುಟುಂಬ ಒಂದು ಮೂಟೆ ಇದ್ದ ಹಾಗೆ. 2006ರಲ್ಲಿ ಸ್ವೀಡನ್ನಿನ ಪಕ್ಷಿವಿಜ್ಞಾನಿ ಪೆರ್ ಆಲ್‌ಸ್ಟ್ರೋಮ್ ಮತ್ತು ಜೊತೆಗಾರರು ಡಿಎನ್‌ಎ ನೋಡಿ ಅದನ್ನು ಬಿಚ್ಚಿ ಬೇರೆ ಬೇರೆ ಕುಟುಂಬ ಮಾಡಿದರು. ನಾನೂ ಒಂದು ಭಾನುವಾರ ಕೂತು ಹಾಗೇ ವಿಂಗಡಿಸಿದೆ. ಎಲೆ ಉಲಿಯಕ್ಕಿ ಫಿಲೋಸ್ಕೋಪಿಡೇ ಕುಟುಂಬಕ್ಕೆ. ಪೊದೆಯಲ್ಲಿ 'ಚಕ್ ಚಕ್' ಅನ್ನುವ ಬ್ಲೈಥ್ ಉಲಿಯಕ್ಕಿ ಅಕ್ರೊಸೆಫಾಲಿಡೇಗೆ. ಸಿಂಪಿಗ, ಪ್ರಿನಿಯಾ ಸಿಸ್ಟಿಕೊಲಿಡೇಗೆ. ಆಗ ನೋಡಿ, ನೂರಾರು ಫೈಲುಗಳ ಗೊಂದಲ ಮೂರು ನಾಲ್ಕು ಹಕ್ಕಿಗೆ ಇಳಿಯಿತು. ಜಗತ್ತಿನ ಸುಮಾರು 11 ಸಾವಿರ ಹಕ್ಕಿ ಪ್ರಭೇದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗುಬ್ಬಚ್ಚಿ ಗಣದವೇ. ಅದರೊಳಗೆ ಕುಟುಂಬ ಗೊತ್ತಿಲ್ಲದೆ ಕಿವಿ ಪಳಗಿಸಲು ಹೋದರೆ ಆಯುಷ್ಯ ಸಾಲದು.

ಉಳಿದ ಎಲೆ ಉಲಿಯಕ್ಕಿಗಳಲ್ಲಿ ಗ್ರೀನಿಶ್ ವಾರ್ಬ್ಲರ್ ಕೂಗು ಎರಡು ತುಂಡು, 'ಚಿ-ವಿಟ್'. ಪರದೆಯ ಮೇಲೆ ಪಕ್ಕಪಕ್ಕ ಎರಡು ಗುರುತು. ಗ್ರೀನ್ ವಾರ್ಬ್ಲರ್ ಕಾಕಸಸ್ ಕಡೆಯಿಂದ ಚಳಿಗಾಲಕ್ಕೆ ನಮ್ಮ ಘಟ್ಟಕ್ಕೆ ಬರುವುದು. ಅದು ಮೂರು ತುಂಡಾಗಿ 'ಚಿ-ಸು-ವಿಟ್' ಅನ್ನುತ್ತದೆ. ಈ ಎರಡನ್ನೂ ಒಂದೇ ಪ್ರಭೇದ ಅನ್ನುವವರಿದ್ದಾರೆ. ನನ್ನ ಪರದೆ ಮಾತ್ರ ಹಾಗೆ ಹೇಳುವುದಿಲ್ಲ. ಲಾರ್ಜ್ ಬಿಲ್ಡ್ ಲೀಫ್ ವಾರ್ಬ್ಲರ್ ತಗ್ಗಿನಲ್ಲಿ ಶುರುಮಾಡಿ ಮೇಲಕ್ಕೆ ಹತ್ತುತ್ತದೆ, 'ಡಿರ್-ಟೀ'. ಚಿತ್ರದಲ್ಲಿ ಮೆಟ್ಟಿಲು ಕಂಡ ಹಾಗೆ ಕಾಣುತ್ತದೆ. ಸ್ಪೆಕ್ಟ್ರೋಗ್ರಾಂ ವಿಂಡೋ ಗಾತ್ರ, ಅಂದರೆ ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ದನಿಯ ತುಂಡಿನ ಉದ್ದ, ನಾನು ಎಷ್ಟಿಡುತ್ತೇನೆ ಅಂತ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಒಂದು ವರ್ಷ ಕಳೆದಿದ್ದೇನೆ.

ನಡುವೆ ಹಳೆ ಡಿಶ್ ಟಿವಿ ತಟ್ಟೆಯಿಂದ ದನಿ ಹಿಡಿಯುವ ಪ್ರಯತ್ನವೂ ನಡೆಯಿತು. ಮೈಕನ್ನು ತಟ್ಟೆಯ ನಟ್ಟನಡುವಿನ ಎದುರು ಕಟ್ಟಿದ್ದೆ, ಏನೂ ಬರಲಿಲ್ಲ. ಆ ತಟ್ಟೆಗಳಿಗೆ ಬಡಿದದ್ದು ಬಂದು ಸೇರುವ ಬಿಂದು ನಡುವೆ ಇರುವುದಿಲ್ಲ, ಕೆಳಗೆ ಸರಿದಿರುತ್ತದೆ. ಎಲ್‌ಎನ್‌ಬಿ (ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಇದ್ದ ಜಾಗಕ್ಕೇ ಮೈಕ್ ಕಟ್ಟಿದ ಮೇಲೆ ದನಿ ಚೊಕ್ಕವಾಗಿ ಬಂತು. ಖರ್ಚು 300 ರೂಪಾಯಿ ಇರಬಹುದು. ಹೊತ್ತು ತಿರುಗುವುದು ಮಾತ್ರ ಕಷ್ಟ, ಒಂದೇ ಮರದ ಕೆಳಗೆ ಕೂರುವುದಾದರೆ ಸರಿ. ಗಾಳಿ ತಡೆಯಲು ಮೈಕಿಗೆ ಏನು ಸುತ್ತುತ್ತೇನೆ ಅನ್ನುವುದು ಇನ್ನೊಂದು ಗುಟ್ಟು.

ನವರಂಗ ಹಕ್ಕಿಯ (ಇಂಡಿಯನ್ ಪಿಟ್ಟಾ) ಮೇಲೂ ಸುಮ್ನೆ ಒಂದು ಕೈ ನೋಡಿದೆ. ತಮಿಳರು ಇದನ್ನು ಆರುಮಣಿ ಕುರುವಿ ಅನ್ನುತ್ತಾರೆ. ಬೆಳಿಗ್ಗೆ ಸಂಜೆ ಆರರ ಹೊತ್ತಿಗೆ ಕೂಗುವುದರಿಂದ ಆ ಹೆಸರು. ಮೂರು ಚಳಿಗಾಲದ ರೆಕಾರ್ಡಿಂಗ್ ಒಂದರ ಮೇಲೊಂದು ಇಟ್ಟರೆ ಅದರ ಎರಡು ಸಿಳ್ಳೆಯ ಆಕಾರ ಹೆಚ್ಚುಕಡಿಮೆ ಅದೇ. ಮಡಿವಾಳ ಹಕ್ಕಿಯ ಹಾಡಾದರೆ ಒಂದೇ ತೋಟದಲ್ಲಿ ಹತ್ತು ಬಗೆ. ನವರಂಗ ಗುಬ್ಬಚ್ಚಿ ಗಣದೊಳಗಿನ ಸಬ್‌ಆಸೈನ್ (suboscine) ಅನ್ನುವ ಗುಂಪಿನದು. ಆ ಗುಂಪಿನಲ್ಲಿ ಪರೀಕ್ಷಿಸಿ ನೋಡಿದ ಹೆಚ್ಚಿನ ಹಕ್ಕಿಗಳು ಹಾಡನ್ನು ಕೇಳಿ ಕಲಿಯುವುದಿಲ್ಲ, ಹುಟ್ಟುತ್ತಲೇ ಬಂದಿರುತ್ತದೆ. ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿ ಇವು ಸಾವಿರಕ್ಕೂ ಹೆಚ್ಚು ಪ್ರಭೇದ ಇವೆ. ನಮ್ಮ ಘಟ್ಟಕ್ಕೆ ವರ್ಷವೂ ಬರುವುದು ಈ ಒಂದೇ. ಅದನ್ನು ರೆಕಾರ್ಡ್ ಮಾಡುವಾಗ ಮೈಯೆಲ್ಲ ಜುಂ ಅಂದಿತ್ತು.

ಈವರೆಗೆ ನನ್ನ ಹತ್ತಿರ ಸುಮಾರು 340 ಫೈಲ್ ಇವೆ. ಅರ್ಧಕ್ಕಿಂತ ಜಾಸ್ತಿ ಜೀರುಂಡೆ, ಗಾಳಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದಿನಿಂದ ಕೆಟ್ಟಿವೆ. ಮಾರ್ಚಿನಲ್ಲಿ ತೋಟದವರು ಸ್ಪ್ರಿಂಕ್ಲರ್ ಬಿಟ್ಟರೆ ಮುಗಿಯಿತು. ವಾಪಸ್ ಹೊರಡುವ ಮುಂಚೆ ಗ್ರೀನಿಶ್ ಕೂಗು ಬಿಟ್ಟು ಹಾಡಲು ಶುರುಮಾಡುತ್ತದೆ. ಈ ಏಪ್ರಿಲ್ ಮೊದಲ ವಾರ ಅದಕ್ಕೇ ರಜೆ ಹಾಕಿದ್ದೇನೆ. ತೋಟದ ಯಜಮಾನರು ಆ ಮೂಲೆಗೆ ಒಂದು ವಾರ ನೀರು ಬಿಡುವುದಿಲ್ಲ ಅಂದಿದ್ದಾರೆ.